ಆಟಿ ತಿಂಗಳ ಪ್ರಸಾದ

ಒಸಾಕವನ್ನು ಒಮ್ಮೆಯೂ ಕಾಣದೆ ಅದರ ಓಣಿ ಓಣಿಯನ್ನು ಬಲ್ಲವರು ದೋಹಾದಲ್ಲಿ ಯಾರಾದರೂ ಇದ್ದರೆ ಅದು ವಸಂತಿ. ಅಲ್ ಮುಂತಜಾದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಕೇಳಿ ಕೂರಿಸುವುದು ಅವಳ ಕೆಲಸ. ಒಳಗೆ ಹೋದವರು ಕೆನ್ನೆ ಹಿಡಿದುಕೊಂಡು ಹೊರಗೆ ಬರುವವರೆಗೆ ಬಿಡುವು, ಆ ಬಿಡುವಿನಲ್ಲೆಲ್ಲ ಮೊಬೈಲಿನಲ್ಲಿ ಒಸಾಕ ಸುತ್ತುತ್ತಿದ್ದಳು. ದೋತೊನ್‌ಬೊರಿ ಎಂಬ ಕಾಲುವೆ, ಅದರ ಎರಡೂ ದಂಡೆಗೆ ಬಣ್ಣದ ದೀಪಗಳು, ಎರಡು ಕೈ ಮೇಲೆತ್ತಿ ಓಡುತ್ತಿರುವ ದೀಪದ ಮನುಷ್ಯ, ಹೋಟೆಲಿನ ಹಣೆಯ ಮೇಲೆ ಕೂತು ಕಾಲಾಡಿಸುವ ಭಾರೀ ಏಡಿ, ಎಲ್ಲವೂ ಅವಳಿಗೆ ಬಾಯಿಪಾಠ. ಕಡ್ಡಿಗೆ ಚುಚ್ಚಿ ಕರಿದದ್ದನ್ನು ಎಲ್ಲರಿಗೂ ಸೇರಿದ ಸಾಸಿನ ಬಟ್ಟಲಿನಲ್ಲಿ ಒಂದೇ ಸಲ ಅದ್ದಬೇಕು, ಕಚ್ಚಿದ ಮೇಲೆ ಪುನಃ ಅದ್ದಿದರೆ ಅಂಗಡಿಯವನು ಗದರುತ್ತಾನೆ ಎಂಬುದೂ ಗೊತ್ತು. ಈ ಗದ್ದಲದ ಬೆನ್ನಿಗೇ ಇರುವ ಕಲ್ಲುಹಾಸಿನ ಇಕ್ಕಟ್ಟು ಓಣಿಯಲ್ಲಿ, ಜನ ನೀರು ಹೊಯ್ದು ಹೊಯ್ದು ಮೈಯೆಲ್ಲ ಪಾಚಿ ಬೆಳೆದ ಕಲ್ಲಿನ ದೇವರೊಬ್ಬನಿದ್ದಾನೆ. ಅವನನ್ನು ಕಂಡಾಗಲೆಲ್ಲ ಅವಳಿಗೆ ಊರಿನ ನಾಗನಕಲ್ಲು ನೆನಪಾಗುತ್ತಿತ್ತು.

ಈ ಹುಚ್ಚು ಹತ್ತಿದ್ದು ಬಿನ್ ಒಮ್ರಾನಿನಲ್ಲಿ. ಮದುವೆಯಾಗಿ ಹೊಸದಾಗಿ ಕತಾರಿಗೆ ಬಂದ ಕಾಲ. ಒಂದು ಹಳೆಯ ವಿಲ್ಲಾವನ್ನು ಪ್ಲೈವುಡ್ ಗೋಡೆ ಎಬ್ಬಿಸಿ ನಾಲ್ಕಾರು ಸಂಸಾರಗಳಿಗೆ ಹಂಚಿದ್ದರು. ವಸಂತಿ ಮತ್ತು ಅವಳ ಗಂಡ ತಾರಾನಾಥನ ಕೋಣೆಗೂ, ಉಮಾವತಿ ಮತ್ತು ಅವಳ ಗಂಡ ವಿಕಾಸನ ಕೋಣೆಗೂ ಒಂದೇ ಅಡುಗೆಮನೆ. ಒಂದು ಒಲೆಯ ಮುಂದೆ ಇಬ್ಬರು ಹೆಂಗಸರು ವರ್ಷಗಟ್ಟಲೆ ಜಗಳವಿಲ್ಲದೆ ಬದುಕಿದರು ಎಂದರೆ ನಂಬುವವರು ಕಡಿಮೆ. ಇವರು ಬದುಕಿದರು. ಇಬ್ಬರೂ ತುಳುನಾಡಿನವರು, ಇಬ್ಬರಿಗೂ ಕುಚ್ಚಲಕ್ಕಿ ಬೇಕು, ಇಬ್ಬರಿಗೂ ಬಂಗುಡೆ ಇಲ್ಲದೆ ಊಟ ಇಳಿಯದು.

ಒಂದು ಸಂಜೆ ಟೀವಿಯಲ್ಲಿ ಒಸಾಕದ ಬೀದಿಬದಿಯವನೊಬ್ಬ ಗುಳಿಗುಳಿಯ ಕಾವಲಿಗೆ ಹಿಟ್ಟು ಹೊಯ್ದು, ಒಂದೊಂದರೊಳಗೂ ಆಕ್ಟೋಪಸಿನ ತುಂಡು ಹಾಕಿ, ಎರಡು ದಬ್ಬಣ ಹಿಡಿದು ಟಕಟಕನೆ ಉರುಳಿಸುತ್ತಿದ್ದ. ಹೆಸರು ಟಕೊಯಾಕಿಯಂತೆ. ಇಬ್ಬರೂ ಒಟ್ಟಿಗೆ "ಗುಳಿಯಪ್ಪ" ಎಂದರು. ತಮ್ಮ ಅಜ್ಜಿ ಮಾಡುತ್ತಿದ್ದ ತಿಂಡಿಯನ್ನು ಜಪಾನಿನವನು ಬೊಂಡಾಸು ಮೀನಿನ ದಾಯಾದಿಯನ್ನು ತುಂಬಿ ಮಾರುತ್ತಿದ್ದಾನೆ ಎಂದು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಆವತ್ತೇ ಮಾತಾಯಿತು: ಒಂದಲ್ಲ ಒಂದು ದಿನ ಇಬ್ಬರೂ ಒಸಾಕಕ್ಕೆ ಹೋಗುವುದು, ಅವನ ಗಾಡಿಯ ಪಕ್ಕದಲ್ಲಿ ನಿಂತು ತಿನ್ನುವುದು, ಹೋಗುವುದಾದರೆ ಒಟ್ಟಿಗೇ ಹೋಗುವುದು.

ಆಮೇಲೆ ವಿಕಾಸನಿಗೆ ದೊಡ್ಡ ಕೆಲಸ ಸಿಕ್ಕಿ ಅವರು ಅಲ್ ಥುಮಾಮಾಕ್ಕೆ ಹೋದರು, ಇವರು ಅಲ್ ಮುಂತಜಾಕ್ಕೆ ಬಂದರು. ಅಡುಗೆಮನೆ ಬೇರೆಯಾಯಿತು, ಒಸಾಕ ಬೇರೆಯಾಗಲಿಲ್ಲ. ಮಕ್ಕಳ ಫೀಸು, ಊರಿನ ಮನೆ, ಕೊರೊನಾ, ಒಂದಲ್ಲ ಒಂದು ಅಡ್ಡ ಬರುತ್ತಲೇ ಇತ್ತು. ಈ ವರ್ಷ ಜುಲೈಯ ಶಾಲೆ ರಜೆಗೆ ಕೊನೆಗೂ ದಿನ ಗೊತ್ತಾಯಿತು. ಎರಡೂ ಮನೆಯಲ್ಲಿ ಸೂಟ್‌ಕೇಸು ಕೆಳಗಿಳಿಯಿತು. ಅಷ್ಟರಲ್ಲಿ ತಾರಾನಾಥನ ಎದೆ ಕೈಕೊಟ್ಟಿತು.

ತಾರಾನಾಥ ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದ, ಯಾರ ಗಾಡಿಯ ಯಾವ ಪೈಪು ಕಟ್ಟಿದೆ ಎಂದು ಸದ್ದಿನಲ್ಲೇ ಹೇಳುವ ಮನುಷ್ಯ. ತನ್ನ ಪೈಪು ಕಟ್ಟಿದ್ದು ಮಾತ್ರ ಗೊತ್ತಾಗಿರಲಿಲ್ಲ. ಆಸ್ಪತ್ರೆಯವರು ಎದೆ ತೆರೆದು ಬೈಪಾಸ್ ಮಾಡಬೇಕು, ತಡ ಮಾಡಬಾರದು, ವಿಮಾನ ಹತ್ತುವ ಮಾತೇ ಇಲ್ಲ ಎಂದರು. ಆಗಸ್ಟ್ ಮೊದಲ ವಾರಕ್ಕೆ ದಿನ ಕೊಟ್ಟರು. ತಾರಾನಾಥ ಜಗ್ಗಲಿಲ್ಲ. ಅವನ ತಂದೆ ಆಪರೇಶನ್ ಟೇಬಲಿನ ಮೇಲೇ ಹೋದವರು, ಆ ಹೆದರಿಕೆ ಅವನ ಮೈಯೊಳಗೆ ಕೂತುಬಿಟ್ಟಿತ್ತು. ಕೊಯ್ಯಿಸಿಕೊಳ್ಳುವುದಿಲ್ಲ, ಆದದ್ದಾಗಲಿ ಎಂದು ಗೋಡೆ ಕಡೆ ತಿರುಗಿ ಮಲಗಿದ. ಡಾಕ್ಟರು ಹೇಳಿ ಸೋತರು, ಮಗ ಕೃತಿಕ್ ಅತ್ತು ಸೋತ, ವಸಂತಿ ಬೇಡಿ ಸೋತಳು.

ಸುದ್ದಿ ಕೇಳಿ ಉಮಾವತಿ ಓಡಿಬಂದಳು, ಅಪ್ಪಿಕೊಂಡು ಅತ್ತಳು. ವಸಂತಿಯೇ ಕಣ್ಣೊರೆಸಿಕೊಂಡು, ನಮ್ಮ ಹಣೆಬರಹಕ್ಕೆ ನೀವು ಯಾಕೆ ನಿಲ್ಲಬೇಕು, ನೀವಾದರೂ ಹೋಗಿ ಬನ್ನಿ ಎಂದಳು. ಅವಳು ಹಾಗೆ ಹೇಳಿದಳು ಎಂಬುದನ್ನು ಓದುವವರು ನೆನಪಿಡಬೇಕು. ಉಮಾವತಿ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು.

"ನೀವಿಲ್ಲದೆ ನಾನು ಒಸಾಕದ ಮಣ್ಣು ಮೆಟ್ಟುದಿಲ್ಲ ಅಕ್ಕ. ಟಿಕೆಟ್ ಹೋದ್ರೆ ಹೋಗ್ಲಿ. ನಾವು ಈ ಸಲ ಊರಿಗೇ ಹೋಗ್ತೇವೆ."

ಊರಿಗೆ ಎಂದ ಕೂಡಲೇ ವಸಂತಿಗೆ ದಾರಿ ಕಂಡಿತು. ತಾರಾನಾಥನ ಕುಟುಂಬದ ದೈವ ಕೊಡಂಗೆಯ ಜುಮಾದಿ. ಅಣ್ಣತಮ್ಮಂದಿರೊಳಗೆ ಮಾತು ಬಿಟ್ಟು ವರ್ಷಗಳಾಗಿದ್ದವು, ಆಪರೇಶನ್ ಸುದ್ದಿ ಅವರಿಗೆ ತಿಳಿಯಕೂಡದು ಎಂದು ತಾರಾನಾಥ ಆಣೆ ಹಾಕಿಸಿಕೊಂಡಿದ್ದ. ಆದರೆ ದೈವಸ್ಥಾನ ವಿಕಾಸನ ಮನೆಗೆ ಒಂದು ಗುಡ್ಡ ಆಚೆ ಅಷ್ಟೇ. ವಸಂತಿ ಸ್ನಾನ ಮಾಡಿ, ನಾಣ್ಯವೊಂದನ್ನು ಅರಿಶಿನದಲ್ಲಿ ಅದ್ದಿದ ಬಟ್ಟೆಗೆ ಕಟ್ಟಿ, ಗಂಡನ ತಲೆಯ ಸುತ್ತ ಸುಳಿದು ಮುಡಿಪು ಮಾಡಿದಳು. ಆಪರೇಶನಿಗೆ ಮೊದಲು ಇದು ದೈವದ ಮುಂದೆ ಬೀಳಬೇಕು, ಗಂಧಪ್ರಸಾದ ಬರಬೇಕು ಎಂದು ಉಮಾವತಿಯ ಎರಡು ಕೈಗಳೊಳಗೆ ಇಟ್ಟಳು. ಉಮಾವತಿ ಅದನ್ನು ಕಣ್ಣಿಗೊತ್ತಿಕೊಂಡು ಕೈಚೀಲದ ಒಳಜೇಬಿಗೆ ಹಾಕಿಕೊಂಡಳು.

ಅವಳು ಹೋದ ಮೇಲೆ ವಾಯ್ಸ್ ಮೆಸೇಜುಗಳು ಬರುತ್ತಿದ್ದವು. ಊರಲ್ಲಿ ಭಾರೀ ಮಳೆ, ನೆಟ್‌ವರ್ಕ್ ಇಲ್ಲ, ಕರೆಂಟಿಲ್ಲ. ದೋಹಾದ ಉರಿಬಿಸಿಲಿನಲ್ಲಿ ಕೂತ ವಸಂತಿ ಆ ಮಾತುಗಳ ಹಿಂದೆ ಮಳೆಯ ಸದ್ದು ಹುಡುಕುತ್ತಿದ್ದಳು, ಹುಡುಕಿದರೆ ಕೇಳಿಸಿದ ಹಾಗೂ ಆಗುತ್ತಿತ್ತು.

ರಜೆ ಮುಗಿಸಿ ಬಂದ ಮರುದಿನವೇ ಉಮಾವತಿ ಪ್ರಸಾದ ತಂದಳು. ಬಾಳೆಲೆಯ ತುಂಡಿನಲ್ಲಿ ಮಡಚಿದ ಗಂಧ. ಅಷ್ಟೇ ಕೊಟ್ಟು ಸುಮ್ಮನಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಸುಳ್ಳು ಹೇಳುವವರಿಗೆ ಒಂದು ಚಪಲ, ಸುಳ್ಳಿಗೆ ಬರೇ ಸೀರೆ ಉಡಿಸಿದರೆ ಸಾಲದು, ಹೂವನ್ನೂ ಮುಡಿಸಬೇಕು. ತಾರಾನಾಥನ ಮಂಚದ ಪಕ್ಕದಲ್ಲಿ ಕೂತು ಅವಳು ಹೇಳಿದಳು: ನಾನು ಹೋದ ದಿನ ಅಲ್ಲಿ ಯಾರದೋ ಹರಕೆಯ ನೇಮ ಇತ್ತು ಅಣ್ಣ, ದೈವ ಕಾಲಿಗೆ ಗಗ್ಗರ ಕಟ್ಟಿ ನಿಂತಿತ್ತು. ನಾನು ಮುಡಿಪು ಇಟ್ಟೆ. ದೈವ ನನ್ನನ್ನೇ ಕರೆದು, ಕಡಲಾಚೆಯ ನನ್ನ ಮಗುವಿಗೆ ಹೇಳು, ಎದೆ ಗಟ್ಟಿ ಮಾಡಿಕೊಂಡು ಹೋಗಲಿ, ನಂಬಿದವರ ಕೈ ನಾನು ಬಿಡುವವನಲ್ಲ ಎಂದು ನುಡಿ ಕೊಟ್ಟಿತು.

ತಾರಾನಾಥ ಎದ್ದು ಕೂತ. ವಾರಗಳಿಂದ ಗೋಡೆ ನೋಡುತ್ತಿದ್ದ ಮುಖ ಇತ್ತ ತಿರುಗಿತು. ಆ ನುಡಿಯನ್ನು ಇನ್ನೊಮ್ಮೆ ಹೇಳಿಸಿದ, ಕಣ್ಣಲ್ಲಿ ನೀರು ತುಂಬಿಕೊಂಡು ಕೈ ಮುಗಿದ. ಸಂಜೆಗೆ ಮೀನುಸಾರು ಕೇಳಿ ಉಂಡ, ಮರುದಿನ ತಾನೇ ಆಸ್ಪತ್ರೆಗೆ ಹೋಗಿ ಒಪ್ಪಿಗೆಯ ಸಹಿ ಹಾಕಿದ. ವಸಂತಿಗೆ ಉಮಾವತಿಯ ಕಾಲು ಹಿಡಿಯಬೇಕು ಎನ್ನಿಸಿತು. ತನ್ನ ಒಡಹುಟ್ಟಿದವರು ಮಾಡದ್ದನ್ನು ಇವಳು ಮಾಡಿದಳು ಎಂದು ಕ್ಲಿನಿಕ್ಕಿನಲ್ಲಿ, ಲಿಫ್ಟಿನಲ್ಲಿ, ಕಂಡಕಂಡವರಿಗೆ ಹೇಳಿಕೊಂಡು ತಿರುಗಿದಳು.

ಆಪರೇಶನಿನ ಹಿಂದಿನ ಬೆಳಿಗ್ಗೆ ವಸಂತಿ ಪತ್ರೊಡೆ ಮಾಡುತ್ತಿದ್ದಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ಕೆಸುವಿನೆಲೆಯ ಪತ್ರೊಡೆ ಆಗಲೇಬೇಕು ಎಂಬುದು ಅವಳ ಹಟ, ದೋಹಾದಲ್ಲಿದ್ದರೂ ಬಿಟ್ಟವಳಲ್ಲ. ಮಲಯಾಳಿ ಅಂಗಡಿಯಲ್ಲಿ ಎಲೆ ಬಂದ ದಿನವೇ ತಂದಿದ್ದಳು. ಮೇಲಿನ ಮಹಡಿಯ ಹಬೀಬಾ ತಾರಾನಾಥನನ್ನು ನೋಡಲೆಂದು ಬಂದು, ಅವನು ಮಲಗಿದ್ದರಿಂದ ಅಡುಗೆಮನೆಯಲ್ಲೇ ನಿಂತಳು. ಉಪ್ಪಿನಂಗಡಿ ಕಡೆಯ ಬ್ಯಾರಿ ಹೆಂಗಸು, ಇವಳ ಸಂಗಡ ತುಳುವೇ ಮಾತು. ಅವಳ ತವರುಮನೆಯ ಅಂಗಳದಾಚೆಗೇ ನೇಮದ ಗದ್ದೆ, ನೇಮದ ದಿನ ಆ ಮನೆಯವರಿಗೂ ನಿದ್ದೆ ಇಲ್ಲ. ವಸಂತಿ ಎಲೆಗೆ ಹಿಟ್ಟು ಸವರುತ್ತ ಉಮಾವತಿ ತಂದ ನುಡಿಯ ಕಥೆಯನ್ನು ಅವಳಿಗೂ ಹೇಳಿದಳು. ಹಬೀಬಾ ನಗುತ್ತಲೇ ಕೇಳುತ್ತಿದ್ದವಳು ನಡುವೆ ತಡೆದಳು.

"ಆಟಿಯಲ್ಲಿ ಎಂಥ ನೇಮ ಮಾರಾಯ್ತಿ? ಪತ್ತನಾಜೆ ಕಳೆದ ಮೇಲೆ ಗಗ್ಗರ ಒಳಗೆ ಇಡ್ತಾರಲ್ಲ?"

ವಸಂತಿಯ ಕೈ ಎಲೆಯ ಮೇಲೇ ನಿಂತಿತು. ಮೇ ತಿಂಗಳ ಕೊನೆಗೆ ಪತ್ತನಾಜೆ ಬಂದರೆ ನೇಮ, ಕೋಲ, ಯಕ್ಷಗಾನದ ಆಟ ಎಲ್ಲಕ್ಕೂ ಬಾಗಿಲು ಮುಚ್ಚಿತು, ಮತ್ತೆ ದೀಪಾವಳಿಯವರೆಗೆ ದೈವ ಗಗ್ಗರ ಮುಟ್ಟುವುದಿಲ್ಲ. ತುಳುನಾಡಿನ ಮಕ್ಕಳಿಗೂ ಗೊತ್ತಿರುವ ಮಾತು. ಉಮಾವತಿಗೂ ಗೊತ್ತಿತ್ತು, ವಸಂತಿಗೂ ಗೊತ್ತಿತ್ತು. ಆದರೆ ಇಷ್ಟು ವರ್ಷ ಶಾಲೆ ರಜೆ ಬಂದಾಗ ಊರಿಗೆ ಹೋಗಿ, ಶಾಲೆ ತೆರೆಯುವಾಗ ಮರಳಿದವರಿಗೆ ಜುಲೈ ಎಂದರೆ ರಜೆ, ಊರು ಎಂದರೆ ದೈವ; ಎರಡನ್ನೂ ಜೋಡಿಸಿ ಒಬ್ಬಳು ಹೇಳಿದಳು, ಇನ್ನೊಬ್ಬಳು ನಂಬಿದಳು. ಅದೂ ಆಟಿಯ ಪತ್ರೊಡೆಯನ್ನು ಕೈಯಲ್ಲೇ ಹಿಡಿದುಕೊಂಡು.

ಹಬೀಬಾ ಅವಳ ಮುಖ ನೋಡಿ ಗಾಬರಿಯಾದಳು, ಹರಕೆಯದ್ದು ಬೇರೆ ಇರಬಹುದೇನೋ, ನನಗೆ ಸರಿ ಗೊತ್ತಿಲ್ಲ ಎಂದು ಮಾತು ಹಿಂತೆಗೆದುಕೊಳ್ಳಲು ನೋಡಿದಳು. ವಸಂತಿ ಕೈ ತೊಳೆದು, ಒಲೆ ನೋಡಿಕೊಳ್ಳಲು ಅವಳಿಗೇ ಹೇಳಿ, ಕೆಳಗಿಳಿದು ಟ್ಯಾಕ್ಸಿ ಹತ್ತಿದಳು.

ಅಲ್ ಥುಮಾಮಾ ತಲುಪುವವರೆಗೂ ಅವಳು ಉಮಾವತಿಯ ಪರವಾಗಿಯೇ ವಾದ ಮಾಡುತ್ತಿದ್ದಳು. ಬಹುಶಃ ನೇಮ ಅಲ್ಲ, ದೈವ ಮೈಮೇಲೆ ಬರುವ ದರ್ಶನ ಇರಬಹುದು. ಬಹುಶಃ ಅರ್ಚಕರು ಹೇಳಿದ್ದನ್ನು ಇವಳು ದೈವದ ಬಾಯಲ್ಲಿ ಹಾಕಿರಬಹುದು. ಮುಡಿಪು ಅಲ್ಲಿಗೆ ಮುಟ್ಟಿದ್ದರೆ ಸಾಕು, ಉಳಿದದ್ದನ್ನು ನುಂಗಿಕೊಳ್ಳುತ್ತೇನೆ ಎಂದುಕೊಂಡಳು. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು.

ಬಾಗಿಲು ತೆರೆದವನು ವಿಕಾಸ. ಮುಗ್ಧ ಮನುಷ್ಯ, ಹೆಂಡತಿ ಯಾರ ಹತ್ತಿರ ಏನು ಹೇಳಿದ್ದಾಳೆ ಎಂದು ಲೆಕ್ಕ ಇಟ್ಟವನಲ್ಲ. ವಸಂತಿಗೆ ಎಲ್ಲ ತಿಳಿದಿದೆ ಎಂದೇ ಅವನು ತಿಳಿದಿದ್ದ. ಅವಳನ್ನು ಸಂಭ್ರಮದಿಂದ ಒಳಗೆ ಕರೆದು ಕೂರಿಸಿ, ಅಣ್ಣನ ಆರೋಗ್ಯ ಕೇಳಿ, ಅದೇ ಉಸಿರಿನಲ್ಲಿ ಹೇಳಿದ:

"ಒಸಾಕದಲ್ಲಿ ಕಾಲಿಟ್ಟಲ್ಲೆಲ್ಲ ನಿಮ್ಮದೇ ನೆನಪು ಅಕ್ಕ. ಆ ಏಡಿಯ ಎದುರು ನಿಂತು ಇವಳು ಅತ್ತೇ ಬಿಟ್ಟಳು. ಬರುವ ವರ್ಷ ಅಣ್ಣ ಹುಷಾರಾದ ಮೇಲೆ ನಾವು ಪುನಃ ನಿಮ್ಮೊಟ್ಟಿಗೆ ಬರ್ತೇವೆ."

ಅಡುಗೆಮನೆಯ ಬಾಗಿಲಲ್ಲಿ ಉಮಾವತಿ ಸೌಟು ಹಿಡಿದು ನಿಂತಿದ್ದಳು. ವಸಂತಿ ಅವಳನ್ನು ನೋಡಿದಳು. ಏನೂ ಕೇಳಬೇಕಾಗಿರಲಿಲ್ಲ. ವಿಕಾಸ ಒಬ್ಬರಿಂದ ಒಬ್ಬರಿಗೆ ಕಣ್ಣು ಹಾಯಿಸಿ, ಏನೋ ಎಡವಟ್ಟಾಗಿದೆ ಎಂದು ತಿಳಿದು, ಮಗಳು ಗ್ರೀಷ್ಮಾಳನ್ನು ಟ್ಯೂಷನಿನಿಂದ ಕರೆತರುವ ನೆಪದಲ್ಲಿ ಕಾರಿನ ಕೀಲಿ ತೆಗೆದುಕೊಂಡು ಹೊರಬಿದ್ದ.

ಉಮಾವತಿ ನೆಲದ ಮೇಲೆ, ವಸಂತಿಯ ಕಾಲ ಬಳಿ ಕೂತಳು. ಆವತ್ತು ಹೋಗುವುದಿಲ್ಲ ಎಂದದ್ದು ಮನಸಾರೆ ಎಂದದ್ದೇ. ಮನೆಗೆ ಬಂದರೆ ವಿಕಾಸ ಟಿಕೆಟ್ ರದ್ದಾಗುವುದಿಲ್ಲ ಎಂದ, ಗ್ರೀಷ್ಮಾ ಊಟ ಬಿಟ್ಟಳು. ಅಷ್ಟು ದೊಡ್ಡ ಮಾತು ಆಡಿ ಮುಗಿದಿತ್ತು, ಮುಡಿಪು ಕೈಗೆ ಬಂದಾಗಿತ್ತು, ಯಾವ ಮುಖ ಇಟ್ಟುಕೊಂಡು ಹಿಂದೆ ಕೊಡಲಿ ಅಕ್ಕ ಎಂದಳು. ಅಣ್ಣ ಮಲಗಿರುವಾಗ ನಾನು ಅಲ್ಲಿ ತಿಂದು ಕುಣಿದೆ ಎಂದು ನಿಮಗೆ ಗೊತ್ತಾದರೆ ಸಂಕಟವಾಗುತ್ತದೆ ಎಂದು ಮುಚ್ಚಿಟ್ಟೆ ಎಂದಳು. ಮತ್ತೆ, ಕೇಳದಿದ್ದರೂ, ಹೇಳುತ್ತಲೇ ಹೋದಳು. ಕಾಲುವೆಯ ನೀರಿನಲ್ಲಿ ದೀಪ ಕದಡಿ ಬಣ್ಣದ ಓಕುಳಿಯ ಹಾಗೆ ಕಾಣುತ್ತದಂತೆ. ದೀಪದ ಮನುಷ್ಯನ ಎದುರು ಸೇತುವೆಯ ಮೇಲೆ ಪ್ರಪಂಚದ ಜನವೆಲ್ಲ ಅವನ ಹಾಗೇ ಕೈ ಎತ್ತಿ ನಿಲ್ಲುತ್ತಾರಂತೆ, ಇವರೂ ನಿಂತರಂತೆ. ಏಡಿಯ ಕಾಲು ನಿಜವಾಗಿ ಆಡುತ್ತದೆ ಅಕ್ಕ, ಆದರೆ ನಾವು ಎಣಿಸಿದಷ್ಟು ಬೇಗ ಅಲ್ಲ, ಸೋಮಾರಿಯ ಹಾಗೆ. ಅಳುತ್ತಿದ್ದ ಸ್ವರದೊಳಗೆ ಒಸಾಕದ ರುಚಿ ತಾನಾಗಿ ಏರಿಬರುತ್ತಿತ್ತು, ಅವಳಿಗೇ ಗೊತ್ತಾಗದಂತೆ ಮುಖ ಅರಳುತ್ತಿತ್ತು.

ವಸಂತಿಗೆ ಮೈ ಉರಿಯಿತು. ಆದರೂ, ನಾಚಿಕೆಯಿಲ್ಲದ ನಾಲಗೆ, ಅವಳನ್ನು ಕೇಳದೆಯೇ ಕೇಳಿಬಿಟ್ಟಿತು.

"ಗುಳಿಯಪ್ಪ ಹೇಗಿತ್ತು?"

"ಒಳಗೆ ಬೆಂದಿರುದಿಲ್ಲ ಅಕ್ಕ, ಗಂಜಿಯ ಹಾಗೆ. ನನ್ನ ಬಾಯಿ ಸುಟ್ಟಿತು. ನಮ್ಮದೇ ಒಳ್ಳೆದು."

ಬಿನ್ ಒಮ್ರಾನಿನ ದಿನಗಳಾಗಿದ್ದರೆ ಇಲ್ಲಿಗೆ ನಗು ಬರಬೇಕಿತ್ತು.

ಮುಡಿಪು ಎಲ್ಲಿ ಎಂದು ವಸಂತಿ ಕೇಳಿದಳು. ಉಮಾವತಿ ಎದ್ದು ಹೋಗಿ ಅದೇ ಕೈಚೀಲ ತಂದು, ಅದೇ ಒಳಜೇಬಿನಿಂದ ತೆಗೆದಳು. ಗಂಟು ಹಾಕಿದ ಹಾಗೆಯೇ ಇತ್ತು. ಅರಿಶಿನದ ಮೇಲೆ ಎಣ್ಣೆ, ಸಾಸು, ಯಾವುದೋ ಸೆಂಟಿನ ವಾಸನೆ ಕೂತಿತ್ತು. ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲವಂತೆ. ಆ ಪಾಚಿಯ ದೇವರಿಗೆ ಎಲ್ಲರೂ ನೀರು ಹೊಯ್ಯುತ್ತಿದ್ದಾಗ ಇವಳೂ ಒಂದು ಸೌಟು ಹೊಯ್ದು, ಮುಡಿಪನ್ನು ಎದೆಗೊತ್ತಿಕೊಂಡು ಅಣ್ಣನ ಹೆಸರು ಹೇಳಿದಳಂತೆ. ಅದು ಸುಳ್ಳಲ್ಲ ಎಂದು ವಸಂತಿಗೆ ಅನ್ನಿಸಿತು. ಅನ್ನಿಸಿದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಆ ಓಣಿ ತನ್ನದು, ಆ ದೇವರನ್ನು ಮೊದಲು ಕಂಡು ಇವಳಿಗೆ ತೋರಿಸಿದ್ದು ತಾನು.

"ಗಂಧ?"

"ಇಲ್ಲಿಯ ಸೂಪರ್‌ಮಾರ್ಕೆಟಿನದ್ದು ಅಕ್ಕ. ಪುಡಿ."

"ನುಡಿ?"

ಉಮಾವತಿ ತಲೆ ತಗ್ಗಿಸಿದಳು. ಅಣ್ಣನಿಗೆ ಧೈರ್ಯ ಬರಲಿ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ, ಬಂತಲ್ಲ ಧೈರ್ಯ, ಅದೊಂದನ್ನು ನೋಡಿ ನನ್ನನ್ನು ಕ್ಷಮಿಸಿ, ಇನ್ನೊಮ್ಮೆ ನಂಬಿ ಎಂದಳು.

ವಸಂತಿ ಎದ್ದು ನಿಂತಳು. ಸ್ವರ ಏರಿಸಲಿಲ್ಲ.

"ಹೋಗಿ ಬಾ ಅಂತ ನಾನೇ ಹೇಳಿದ್ದೆ ಉಮಾ. ನೀನು ಹೋದದ್ದು ನನಗೆ ಬೇಜಾರಿಲ್ಲ. ನನ್ನ ಗಂಡನ ಜೀವ ಕಟ್ಟಿ ನಿನ್ನ ಕೈಗೆ ಕೊಟ್ಟಿದ್ದೆ, ನೀನು ಅದನ್ನು ತೆಕ್ಕೊಂಡು ತಿನ್ಲಿಕ್ಕೆ ಹೋದಿ. ಕಚ್ಚಿದ ಕಡ್ಡಿಯನ್ನು ಪುನಃ ಅದ್ಲಿಕ್ಕೆ ಅಲ್ಲಿ ಬಿಡುದಿಲ್ಲ ಅಲ್ವಾ? ಖಲಾಸ್."

ಮುಡಿಪನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಅವಳು ಮೆಟ್ಟಿಲಿಳಿದಳು. ಟ್ಯಾಕ್ಸಿಯಲ್ಲಿ ಕೂತ ಮೇಲೆಯೇ ಅಳು ಬಂದದ್ದು.

ಮನೆಗೆ ಬರುವಷ್ಟರಲ್ಲಿ ಒಂದು ನಿರ್ಧಾರ ಮಾಡಿಕೊಂಡಿದ್ದಳು: ತಾರಾನಾಥನಿಗೆ ನಿಜ ಹೇಳುವುದು. ಸಂಸಾರಕ್ಕೆ ಬಂದಂದಿನಿಂದ ಅವನಿಂದ ಒಂದನ್ನೂ ಮುಚ್ಚಿಟ್ಟವಳಲ್ಲ. ಹೊರಗಿನವಳ ಸುಳ್ಳನ್ನು ಮನೆಯೊಳಗೆ ಸಾಕುವುದು ಅವಳಿಂದಾಗದು. ಆದರೆ ಅವನು ಹಬೀಬಾ ಬಡಿಸಿಕೊಟ್ಟ ಪತ್ರೊಡೆ ತಿನ್ನುತ್ತ, ಕೃತಿಕ್‌ಗೆ ತನ್ನ ಬಾಲ್ಯದ ನೇಮದ ಕಥೆ ಹೇಳುತ್ತಿದ್ದ. ಮಗ ತಂದೆಯ ಭುಜಕ್ಕೆ ಒರಗಿ ಕೂತಿದ್ದ. ಅವಳು ಬಾಯಿ ತೆರೆದಳು, ನೀರು ಬೇಕಾ ಎಂದು ಕೇಳಿ ಮುಚ್ಚಿದಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹಸಿರು ಅಂಗಿ ತೊಡಿಸಿ ಅವನನ್ನು ಗಾಲಿಮಂಚದ ಮೇಲೆ ಮಲಗಿಸಿದ್ದರು. ಇನ್ನು ಸ್ವಲ್ಪ ಹೊತ್ತು ಇದೆ, ಪ್ರಾರ್ಥನೆ ಇದ್ದರೆ ಮಾಡಿಕೊಳ್ಳಿ ಎಂದು ಮಲಯಾಳಿ ನರ್ಸ್ ಪರದೆ ಎಳೆದು ಹೋದಳು. ಈಗ ಹೇಳದಿದ್ದರೆ ಇನ್ನು ಯಾವಾಗ, ಇವನು ಒಳಗಿನಿಂದ ಬರದೇ ಹೋದರೆ ನಾನು ಮೋಸ ಮಾಡಿಯೇ ಕಳಿಸಿದ ಹಾಗಾಗುತ್ತದಲ್ಲ ಎಂದು ವಸಂತಿ ಯೋಚಿಸಿದಳು. ಅವಳು ಅವನ ಕೈ ಹಿಡಿದಳು. ಅವನೇ ಮೊದಲು ಮಾತಾಡಿದ.

"ನಿನಗೆ ಒಂದು ಗೊತ್ತುಂಟಾ? ಇದು ಆಟಿ ತಿಂಗಳು."

ವಸಂತಿ ಅವನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

"ಉಮಾ ಹೇಳಿದ ಕೂಡ್ಲೇ ನನ್ನ ತಲೆಗೆ ಬಂತು. ಆಟಿಯಲ್ಲಿ ನೇಮ ಎಲ್ಲಿಯೂ ಇಲ್ಲ. ದೈವ ಯಾರಿಗೂ ನುಡಿ ಕೊಡ್ಲಿಕ್ಕಿಲ್ಲ. ಆದ್ರೂ ಇಳಿದು ಬಂತು ನೋಡು, ನನಗೋಸ್ಕರ. ಅಪ್ಪನಿಗೆ ಬರ್ಲಿಲ್ಲ, ನನಗೆ ಬಂತು. ಅದಕ್ಕೇ ನನಗೆ ಹೆದರಿಕೆ ಇಲ್ಲದ್ದು."

ಅವನು ಕಣ್ಣು ಮುಚ್ಚಿ ಹಣೆ ಮುಂದೆ ಮಾಡಿದ. ವಸಂತಿ ಕೈಚೀಲದಿಂದ ಬಾಳೆಲೆಯ ಪೊಟ್ಟಣ ತೆಗೆದಳು. ಒಣಗಿದ್ದ ಪುಡಿಗೆ ಬಾಟಲಿಯ ನೀರು ಎರಡು ಹನಿ ಬಿಟ್ಟು, ಅಂಗೈಯಲ್ಲಿ ಕಲಸಿ, ಸೂಪರ್‌ಮಾರ್ಕೆಟಿನ ಗಂಧವನ್ನು ಗಂಡನ ಹಣೆಗೆ ಉದ್ದಕ್ಕೆ ಎಳೆದಳು.

"ಆ ನುಡಿ ಒಮ್ಮೆ ಹೇಳು," ಎಂದ ತಾರಾನಾಥ.

"ನಂಬಿದವರ ಕೈ ನಾನು ಬಿಡುವವನಲ್ಲ," ಎಂದಳು ವಸಂತಿ.

ನರ್ಸ್ ಬಂದು ಪರದೆ ಸರಿಸಿದಳು. ಮಂಚ ಉರುಳತೊಡಗಿತು, ವಸಂತಿ ಪಕ್ಕದಲ್ಲಿ ನಡೆದಳು. ಬಾಗಿಲ ಹತ್ತಿರ ತಾರಾನಾಥ ಏನೋ ನೆನಪಾದವನಂತೆ ತಲೆ ಎತ್ತಿದ.

"ಉಮಾನ ಋಣ ನಾವು ತೀರಿಸ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಪಾಪ, ನಮಗೋಸ್ಕರ ಒಸಾಕ ಬಿಟ್ಟಳು. ನಾನು ಹುಷಾರಾದ ಮೇಲೆ ಮೊದಲು ಅವಳನ್ನು ಕರ್ಕೊಂಡು ಒಸಾಕಕ್ಕೆ ಹೋಗುವ. ಹೇಳು ಅವಳಿಗೆ."

"ಹೇಳ್ತೇನೆ," ಎಂದಳು ವಸಂತಿ. ಬಾಗಿಲು ಮುಚ್ಚಿತು. ಅವಳು ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಹೊರಗಿನ ಕುರ್ಚಿಯಲ್ಲಿ ಕೂತಳು. ಬೆರಳಿಗೆ ಹತ್ತಿದ್ದ ಗಂಧವನ್ನು ಒರೆಸಿಕೊಳ್ಳಲಿಲ್ಲ.